ಕೈದಿಗಳಿಲ್ಲದ ಜೈಲಿಗೆ ನೀರು ಬಿಡುವ ನಲ್ಲಿಯಕ್ಕ

ಆಗಷ್ಟೇ ಬೆಳಕು ಹರಿಯುತ್ತಿದೆ. ಹನ್ನೊಂದು ವರ್ಷದಿಂದ ಒಬ್ಬ ಕೈದಿಯೂ ಇಲ್ಲದ ಜೈಲಿನೊಳಗೆ ಯಾರೋ ಯಾರನ್ನೋ ಗದರುತ್ತಿದ್ದಾರೆ. "ಬಾ ಸೋಮಾರಿ, ನಿನ್ನ ಅಣ್ಣತಮ್ಮಂದಿರೆಲ್ಲ ಎದ್ದಾಯ್ತು." ಕೆಮ್ಮಿ, ಗೊರಗುಟ್ಟಿ, ಒಂದಿಷ್ಟು ಕಂದು ನೀರು ಉಗುಳಿ, ಕೊನೆಗೆ ನಲ್ಲಿ ತಿಳಿಯಾಗಿ ಸುರಿಯುತ್ತದೆ. ಐವತ್ತೆರಡು ವರ್ಷದ ನಲ್ಲಿಯಕ್ಕ ಅದರ ಕಿವಿ ಹಿಂಡಿ ಮುಂದಿನ ಕೋಣೆಗೆ ನಡೆಯುತ್ತಾರೆ.

ಊರ ನಡುವಿನ ಈ ಕಟ್ಟಡದಲ್ಲಿ ಎಂಬತ್ತಾರು ನಲ್ಲಿ, ನಲವತ್ತು ಶೌಚಾಲಯ. ಸುಮ್ಮನೆ ಬಿಟ್ಟರೆ ಪೈಪು ತುಕ್ಕು ಹಿಡಿಯುತ್ತದೆ, ಒಣಗಿದ ಕೊಳವೆಯಲ್ಲಿ ಹೆಗ್ಗಣ ನುಗ್ಗುತ್ತದೆ. ಅದಕ್ಕೇ ದಿನವೂ ಎಲ್ಲಕ್ಕೂ ನೀರು ಹರಿಸಬೇಕು. ಪ್ಲಂಬರ್ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಆತನ ಚೀಲವನ್ನು ಹೆಗಲಿಗೇರಿಸಿಕೊಂಡವರು ಇವರು. "ಗಂಡಸರು ಕಿಸಕ್ಕನೆ ನಗ್ತಿದ್ರು. ಅವರವರ ಮನೆ ಬಚ್ಚಲು ಕಟ್ಕೊಂಡಾಗ ನಗು ನಿಂತೋಯ್ತು" ಎನ್ನುತ್ತಾರೆ. ಗಂಡ ಈಗ ಅಡುಗೆಮನೆಯ ಯಜಮಾನ.

ಕಳೆದ ವರ್ಷ ಜೈಲನ್ನು ಮತ್ತೆ ತೆರೆಯುವ ಸುದ್ದಿ ಬಂದದ್ದೇ ತಡ, ಹಿಂಬದಿಯ ಓಣಿ ಕಲ್ಲೇಟು ತಿಂದ ಜೇನುಗೂಡಾಯಿತು. ಕೈದಿಗಳು ಗೋಡೆ ಹಾರಿ ಬಂದರೆ ಗತಿಯೇನೆಂದು ಒಬ್ಬರು, ಪಕ್ಕದಲ್ಲೇ ಶಾಲೆಯಿದೆಯಲ್ಲ ಎಂದು ಇನ್ನೊಬ್ಬರು. ಓಣಿಯವರ ಸಭೆ ಕರೆದ ಸರ್ಕಾರಿ ಎಂಜಿನಿಯರ್ ನಕ್ಷೆ ಹರಡಿ, ಗೋಡೆಯನ್ನು ಇನ್ನೂ ನಾಲ್ಕಡಿ ಎತ್ತರಿಸುತ್ತೇವೆ ಎಂದು ಸಮಾಧಾನ ಹೇಳಿದರು. ಅದೇ ಓಣಿಯಲ್ಲಿ ಮನೆಯಿರುವ ನಲ್ಲಿಯಕ್ಕ ಹಿಂದಿನ ಸಾಲಿನಿಂದ ಎದ್ದರು. ಸಾಹೇಬರಿಗೆ ಎದುರಾಡಿದರೆ ಕೆಲಸಕ್ಕೇ ಕುತ್ತು ಎಂದು ಗೊತ್ತಿತ್ತು.

"ಗೋಡೆ ಹಾರಿ ಯಾರೂ ಬರಲ್ಲ ಸಾರ್. ಬರೋದೆಲ್ಲ ನೆಲದಡಿಯಿಂದ ಬರುತ್ತೆ."

ಜೈಲಿನ ಹೊಲಸು ನೀರೆಲ್ಲ ಓಣಿಯ ಕೆಳಗಿನ ಹಳೇ ಸಣ್ಣ ಪೈಪಿಗೇ ಸೇರುತ್ತದೆ, ಜೈಲು ತುಂಬಿದ್ದ ಕಾಲದಲ್ಲಿ ಅದು ಮನೆಮನೆಯ ಬಚ್ಚಲಲ್ಲಿ ಮೇಲೇಳುತ್ತಿತ್ತು ಎಂದರು. ನಕ್ಷೆಯಲ್ಲಿ ಹಾಗಿಲ್ಲವೆಂದರು ಎಂಜಿನಿಯರ್. ಹಾಗಾದರೆ ನಾಳೆ ಬೆಳಿಗ್ಗೆ ಬಂದು ಕಣ್ಣಾರೆ ನೋಡಿ ಎಂದು ನಲ್ಲಿಯಕ್ಕ ಕರೆದೇಬಿಟ್ಟರು.

ಮರುದಿನ, ಜೈಲೆಂದರೆ ಬೆಚ್ಚುತ್ತಿದ್ದ ಓಣಿಯ ಹೆಂಗಸರೇ ಬಕೆಟ್ ಹಿಡಿದು ಒಳಬಂದರು. ಬಟ್ಟೆಗೆ ಹಾಕುವ ಕೆಂಪು ಬಣ್ಣ ಕಲಸಿದ ನೀರನ್ನು ನಲವತ್ತೂ ಶೌಚಾಲಯಗಳಿಗೆ ಸುರಿದರು. ಎಂಜಿನಿಯರ್ ಓಣಿಯ ದರ್ಜಿಯ ಬಚ್ಚಲಲ್ಲಿ ಕಾದು ನಿಂತಿದ್ದರು. ಹತ್ತು ನಿಮಿಷವಾಗಿರಲಿಲ್ಲ, ಗುಳುಗುಳು ಸದ್ದಿನೊಂದಿಗೆ ಕೆಂಪು ನೀರು ಮೇಲೆದ್ದು ಅವರ ಬಿಳಿ ಕಾಲುಚೀಲವೊಂದನ್ನು ತೋಯಿಸಿತು. ಈ ಬಣ್ಣ ಇನ್ನು ಹೋಗೋದಿಲ್ಲ, ಇನ್ನೊಂದು ಕಾಲಿಗೂ ಹಾಕಿಸಿಕೊಂಡುಬಿಡಿ ಎಂದು ದರ್ಜಿ ತಣ್ಣಗೆ ಸಲಹೆ ಕೊಟ್ಟರಂತೆ.

ಅದೇ ಎಂಜಿನಿಯರ್ ವರದಿ ಬರೆದರು. ಹೊಸ ದೊಡ್ಡ ಪೈಪು ನೇರ ಹೆದ್ದಾರಿಯ ಒಳಚರಂಡಿಗೆ ಸೇರುವವರೆಗೆ ಜೈಲು ತೆರೆಯಬಾರದೆಂದು ತೀರ್ಮಾನವಾಯಿತು. ಆ ಕೆಲಸ ಹೋದ ವಾರ ಮುಗಿದಿದೆ. ಶಾಲೆಯ ಬಗ್ಗೆ ಕೆಲವರಿಗೆ ಇನ್ನೂ ಅಳುಕಿದೆ; ನಲ್ಲಿಯಕ್ಕ ಅದನ್ನು ಹಗುರವಾಗಿ ನೋಡುವುದಿಲ್ಲ.

ಮುಂದಿನ ತಿಂಗಳು ಜೈಲು ತೆರೆಯುತ್ತದೆ. ನಿಮಗೇನು ಬೇಕು ಎಂದು ಕೇಳಿದರೆ ಅವರು ಹೆಬ್ಬಾಗಿಲ ಹೊರಗಿನ ಬರಿ ನೆಲದತ್ತ ಕೈ ತೋರುತ್ತಾರೆ.

"ಇಲ್ಲೊಂದು ಬೆಂಚು, ಮೇಲೊಂದು ನೆರಳು. ಒಳಗಿರೋರು ತಪ್ಪು ಮಾಡಿರಬಹುದು. ನೋಡೋಕೆ ಬರೋ ತಾಯಂದಿರು ಏನ್ ಮಾಡಿದಾರೆ, ಬಿಸಿಲಲ್ಲಿ ನಿಂತ್ಕೊಳ್ಳೋಕೆ?"