ಪುಟ ಮುಚ್ಚಿದ ಮೇಲೂ ಹೋದ ಮೆಸೇಜುಗಳು

ಆದೋನಿಯಲ್ಲಿ ರಕ್ತ ಬೇಕಾದವರಿಗಾಗಿ ನಾನೊಂದು ವೆಬ್‌ಸೈಟ್ ಮಾಡಿದ್ದೆ. ರಕ್ತದ ಗುಂಪು ಆರಿಸಿ ಗುಂಡಿ ಒತ್ತಿದರೆ, ಆ ಗುಂಪಿನ ದಾನಿಗಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಮೆಸೇಜು ಹೋಗುತ್ತಿತ್ತು. ಒಟ್ಟಿಗೇ ಕಳಿಸಿದರೆ ಮೊಬೈಲ್ ಕಂಪನಿಯವರು ಎಲ್ಲಿ ತಡೆಹಿಡಿಯುತ್ತಾರೋ ಎಂದು ನಡುನಡುವೆ ಕಾಲು ತಾಸು ಬಿಡುವು ಇಟ್ಟಿದ್ದೆ. ಹೊಳಗುಂದದ ಕಡೆ ಸಿಗ್ನಲ್ ಗಳಿಗೆಗೊಮ್ಮೆ ಹೋಗುತ್ತದೆ. ಹಾಗಾಗಿ ಕೇಳಿದವರ ಫೋನಿನ ಸಂಪರ್ಕ ಕಡಿದರೂ ಸರ್ವರಿನಲ್ಲಿ ಕೆಲಸ ನಿಲ್ಲದಂತೆ ಬರೆದಿದ್ದೆ. ಅದನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಮೆರೆದದ್ದೂ ಉಂಟು.

ಭಾವನಿಗೆ ಅಪಘಾತವಾದಾಗ ಅಕ್ಕ ಆಸ್ಪತ್ರೆಯ ವರಾಂಡದಲ್ಲಿ ಕೂತು ಆ ಗುಂಡಿ ಒತ್ತಿದಳು. ಅವರದು ಅಪರೂಪದ ಗುಂಪು. ಬೆಳಗಿನಿಂದ ಯಾರೂ ಬರಲಿಲ್ಲ. ಮಧ್ಯಾಹ್ನ ಭಾವ ತೀರಿಕೊಂಡರು. ಅಕ್ಕ ಪುಟ ಮುಚ್ಚಿ, ಫೋನನ್ನು ಚೀಲಕ್ಕೆ ತುರುಕಿದಳು. ಸರ್ವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಅದು ಕಳಿಸುತ್ತಲೇ ಇತ್ತು.

ಹೆಣ ಒಯ್ಯುವ ಗಾಡಿಗೆ ಕಾಯುತ್ತಾ ಗೇಟಿನ ಬಳಿ ನಿಂತಿದ್ದೆವು. ಪೆದ್ದಕಡುಬೂರಿನಿಂದ ರಕ್ತ ಕೊಡಲು ಒಬ್ಬ ಬಂದ. ಕೈ ಮುಗಿದು ವಾಪಸ್ ಕಳಿಸಿದೆ. ಆಮೇಲೆ ಆಸ್ಪರಿಯಿಂದ ಇನ್ನೊಬ್ಬ ಬಂದ. ಹೊಲದಿಂದ ನೇರ ಬೈಕ್ ಹತ್ತಿದ್ದ, ಅಂಗಿಯ ತುಂಬ ಹತ್ತಿಯ ಎಳೆ. ನಾನು ತಡೆಯುವ ಮೊದಲೇ ಅಕ್ಕನನ್ನು ಕೇಳಿಬಿಟ್ಟ.

"ಮೆಸೇಜ್ ಬಂತ್ರಿ ಅಕ್ಕಾರ. ಪೇಷೆಂಟ್ ಎಲ್ಲಿ ಅದಾರ?"

"ಒಂದು ತಾಸು ಮೊದ್ಲ ಬಂದಿದ್ರ ನಮ್ಮನಿಯವ್ರು ಉಳೀತಿದ್ರಲ್ಲಪ್ಪಾ" ಅಂದಳು ಅಕ್ಕ.

"ತಪ್ಪಾತ್ರಿ ಅಕ್ಕಾರ, ತಡಾ ಆತು" ಎಂದು ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಅವನ ಕೈಯಲ್ಲಿದ್ದ ಫೋನಿನಲ್ಲಿ ಮೆಸೇಜು ಬಂದ ಹೊತ್ತು ನನಗೆ ಕಾಣುತ್ತಿತ್ತು. ಭಾವ ಸತ್ತ ಮೇಲೆ ಹೋದದ್ದು ಅದು. ತಪ್ಪು ಅವನದೇ ಎಂಬಂತೆ ಹೆಗಲು ಹಿಡಿದು ಎಬ್ಬಿಸಿ ಕಳಿಸಿಕೊಟ್ಟೆ. ನಾಚಿಕೆಗೇಡು.

ಮಣ್ಣು ಮಾಡಿ ಬಂದ ಮೂರನೆಯ ದಿನ ಕಂಪ್ಯೂಟರಿನ ಮುಂದೆ ಕೂತೆ. ಪ್ರತಿ ಮೆಸೇಜಿಗೆ ಮುಂಚೆ, ಕೇಳಿದವರು ಇನ್ನೂ ಆ ಪುಟದಲ್ಲಿದ್ದಾರೆಯೇ ಎಂದು ಸರ್ವರ್ ನೋಡಬೇಕು. ಹತ್ತು ನಿಮಿಷ ಸುಳಿವಿಲ್ಲದಿದ್ದರೆ ನಿಂತುಬಿಡಬೇಕು. ನಾಲ್ಕು ಸಾಲಿನ ಕೆಲಸ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಕ್ಕ ಈಗಲೂ ಒಮ್ಮೊಮ್ಮೆ "ಆಸ್ಪರಿಯಾಂವ ಒಂಚೂರು ಲಗೂನ ಬಂದಿದ್ರ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಅವನು ತಡ ಮಾಡಲಿಲ್ಲ ಎಂದು ನಾನಿನ್ನೂ ಹೇಳಿಲ್ಲ. ಹೇಳಿದರೆ, ನಡುನಡುವೆ ಬಿಡುವು ಇಟ್ಟು ಅವನಿಗೆ ಅಷ್ಟು ತಡವಾಗಿ ಕಳಿಸಿದ್ದು ಯಾಕೆ ಎಂದು ಕೇಳುತ್ತಾಳೆ.