ಹೊಗೆ ಮೂಸುತ್ತಿದ್ದ ಮೆಕ್ಯಾನಿಕ್

ನಾರಾಯಣಗೂಡದಲ್ಲಿ ನನ್ನ ಕೀಟಲೆಗೆ ಸಿಗದ ಮನುಷ್ಯ ಒಬ್ಬರೇ ಇದ್ದರು, ನಮ್ಮ ಬೈಕ್ ಮೆಕ್ಯಾನಿಕ್. ಕಲಬುರಗಿ ಕಡೆಯವರು. ಎಂಜಿನ್ ಆಯಿಲ್ ಬೇಗ ಖಾಲಿಯಾಗುತ್ತಿದೆ ಎಂದು ಯಾರೇ ಬರಲಿ, ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿದು ರೇಸ್ ಕೊಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ಬಟ್ಟೆಯ ಮಸಿಯನ್ನು ಮೂಸುತ್ತಿದ್ದರು. ಸುಡುತ್ತಿರುವುದು ಪೆಟ್ರೋಲೋ ಆಯಿಲೋ ಎಂದು ಹೇಳುತ್ತಿದ್ದುದು ಆ ಮೂಗು. "ಹೊಗಿ ಸುಳ್ಳ ಹೇಳೂದಿಲ್ರಿ" ಎನ್ನುತ್ತಿದ್ದರು.

ಊರನ್ನೇ ಏಮಾರಿಸಿದ ನಾನು ಬಿಡುತ್ತೇನೆಯೇ? ಕೊಬ್ಬರಿ ಎಣ್ಣೆಗೆ ದೀಪದ ಕಾಡಿಗೆ ಕಲಸಿ, ಕರವಸ್ತ್ರಕ್ಕೆ ಬಳಿದು, "ನನ್ನ ಗಾಡಿ ಹೊಗಿ ನೋಡ್ರಿ" ಎಂದು ಒಯ್ಯುತ್ತಿದ್ದೆ. ಕೈಗೆ ತೆಗೆದುಕೊಳ್ಳುವ ಮೊದಲೇ ಎಣ್ಣೆಯ ವಾಸನೆ ಹಿಡಿದು, "ಕಾಕಾ, ಸರ್ವಿಸ್ ನಿಮ್ಮ ತಲಿಗೆ ಬೇಕಾಗೇತಿ" ಎಂದು ನಗುತ್ತಿದ್ದರು.

ಒಮ್ಮೆ ದೊಡ್ಡ ಜ್ವರ ಬಂದು ಮಲಗಿದರು. ಎದ್ದು ಅಂಗಡಿ ತೆರೆದ ದಿನ, ಅವರನ್ನು ನಗಿಸಲೆಂದೇ ಅಂಥದೇ ಕರವಸ್ತ್ರ ಕೊಟ್ಟೆ. ಭಾಳ ಹೊತ್ತು ಮೂಸಿದರು.

"ಆಯಿಲ್ ಸುಡಾಕತ್ತೈತ್ರಿ. ಎಂಜಿನ್ ಬಿಚ್ಚಬೇಕು."

ನಗುತ್ತಾರೆಂದು ಕಾದೆ. ನಗಲಿಲ್ಲ. ಸುತ್ತ ಗಿರಾಕಿಗಳು ನಿಂತಿದ್ದರು. ಅವರ ಮುಂದೆ ನಿಜ ಹೇಳಲಾಗದೆ, "ಬಿಚ್ಚರಿ" ಎಂದೆ.

ಸಂಜೆ ಹೋದಾಗ ಪಿಸ್ಟನ್ನನ್ನು ಅಂಗೈಯಲ್ಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಆಯಿಲ್ ಮೇಲೇರದಂತೆ ತಡೆಯುವ ರಿಂಗುಗಳು ಒಂದಿಷ್ಟೂ ಸವೆದಿರಲಿಲ್ಲ.

"ಕೊಬ್ಬರಿ ಎಣ್ಣಿ ಇತ್ತೇನ್ರಿ ಅದು?"

ಹೌದೆಂದು ತಲೆಯಾಡಿಸಿದೆ.

"ಜ್ವರ ಬಂದಾಗಿಂದ ಒಲಿ ಮ್ಯಾಲಿನ ಹಾಲು ಸೀದ್ರೂ ಗೊತ್ತಾಗವಲ್ದು ಕಾಕಾ" ಎಂದರು. ಆಮೇಲೆ ಬೇರೊಬ್ಬ ಗಿರಾಕಿಯ ಬೈಕಿಗೆ ಹಿಡಿದಿದ್ದ ಬಟ್ಟೆಯನ್ನು ನನ್ನ ಮೂಗಿನ ಹತ್ತಿರ ತಂದು, ದನಿ ತಗ್ಗಿಸಿ ಕೇಳಿದರು:

"ಇದು ಏನ್ ವಾಸನಿ ಬರತೈತಿ, ಹೇಳ್ರಿ. ಮಜಾಕ್ ಮಾಡಬ್ಯಾಡ್ರಿ."