ಹದಿನೇಳನೇ ತಟ್ಟೆಯ ನುಣುಪು ಜಾತಿ

“ಇವನಿಗೆ ಬ್ರಷ್ ಹಿಡಿಯೋದು ಬಿಟ್ರೆ ಏನೂ ಗೊತ್ತಿಲ್ಲ, ಬನ್ನಿ ಮುಂದೆ ಹೋಗೋಣ.” ಆರು ಮಂದಿ ಅತಿಥಿಗಳ ಎದುರು ಪ್ರೊಫೆಸರು ಆಡಿದ ಈ ಮಾತು ಹದಿನಾಲ್ಕು ವರ್ಷವಾದರೂ ಬ್ರಷ್ಷಪ್ಪನ ಎದೆಯಲ್ಲಿ ನಾಟಿಕೊಂಡೇ ಇದೆ.

ಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಕಡಲ ಬಸವನಹುಳುಗಳ ಚಿಪ್ಪು ತೊಳೆದು, ಒಣಗಿಸಿ, ಚೀಟಿ ಅಂಟಿಸುವುದು ಅವನ ಕೆಲಸ. ಚಿಪ್ಪೆಂದರೆ ಅಕ್ಕಿಕಾಳಿಗಿಂತ ಚಿಕ್ಕದು. ಜೋರಾಗಿ ಸೀನಿದರೆ ಒಂದು ಜಾತಿಯೇ ಹಾರಿಹೋದೀತು. ಕಲೆ ಹೋಗಲು ನೀರು ಬೆರೆಸಿದ ಆಸಿಡ್ಡಿನಲ್ಲಿ ಎರಡೇ ನಿಮಿಷ ಅದ್ದಿ ತೆಗೆಯಬೇಕು.

ಆ ಹುಳುಗಳ ಒಂದು ಕುಲದಲ್ಲಿ ಅದುವರೆಗೆ ಗೊತ್ತಿದ್ದದ್ದು ನಾಲ್ಕೇ ಜಾತಿ, ನಾಲ್ಕಕ್ಕೂ ಮೈತುಂಬ ಗೆರೆ. ಬ್ರಷ್ಷಪ್ಪ ತೊಳೆದಿಟ್ಟ ಹದಿನೇಳನೇ ತಟ್ಟೆಯಲ್ಲಿ ಗೆರೆಯಿಲ್ಲದ ನುಣ್ಣನೆಯ ಐದನೆಯದನ್ನು ಪ್ರೊಫೆಸರು ಕಂಡುಹಿಡಿದರು. ಹುಳುವನ್ನು ಜೀವಂತವಾಗಿ ಒಮ್ಮೆಯೂ ನೋಡದ, ಕಡಲಿಗೆ ಕಾಲನ್ನೂ ಅದ್ದದ ಮಹಾನುಭಾವರು. ಅದಕ್ಕೆ ತಮ್ಮ ಮಾವನ ಹೆಸರಿಟ್ಟರು. ಅವರ ಕುರ್ಚಿಯೂ ಆ ಮಾವನ ಶಿಫಾರಸಿನದೇ ಎಂದು ಕಟ್ಟಡಕ್ಕೆಲ್ಲ ಗೊತ್ತು.

ಆ ನುಣುಪಿನ ಗುಟ್ಟು ಮಾತ್ರ ಬ್ರಷ್ಷಪ್ಪನೊಬ್ಬನಿಗೇ ಗೊತ್ತು. ಆ ತಟ್ಟೆ ಆಸಿಡ್ಡಿನಲ್ಲಿದ್ದಾಗ ಹೆಂಡತಿ ಮೆಟ್ಟಿಲಿಂದ ಬಿದ್ದಳೆಂದು ಸುದ್ದಿ ಬಂದು ಅವನು ಓಡಿದ್ದ. ಮರಳುವಷ್ಟರಲ್ಲಿ ಒಂದು ಗಂಟೆ ಕಳೆದು ಗೆರೆಯೆಲ್ಲ ಕರಗಿತ್ತು. ತುಟಿಪಿಟಕ್ಕೆನ್ನದೆ ಒಣಗಿಸಿ ಚೀಟಿ ಅಂಟಿಸಿದ್ದ. ಈಗ ನಿಜ ಹೇಳಿದರೆ ಕೆಲಸಕ್ಕೇ ಕುತ್ತು.

“ಸುಮ್ಮನಿರಿ,” ಎಂದಳು ಹೆಂಡತಿ. “ಹುಳ ಏನು ಬಂದು ದೂರು ಕೊಡುತ್ತಾ?”

“ಹುಳದ ಮಾತು ಬಿಡೇ. ನನ್ನ ತಪ್ಪಿಗೆ ಆ ಮನುಷ್ಯ ಮಾವನ ಹೆಸರಿಟ್ಟು ಮೆರೀತಿದಾನಲ್ಲ, ಅದು ನುಂಗೋಕಾಗಲ್ಲ.”

“ಬಿದ್ದವಳು ನಾನು. ನನ್ನ ಹೆಸರಾದ್ರೂ ಇಡಬಹುದಿತ್ತು.”

ಮರುದಿನ ಐದನೇ ಜಾತಿ ನೋಡಲು ಬಂದ ಅತಿಥಿಗಳೆದುರೇ, ಅದು ಆಸಿಡ್ಡಿನ ಕೆಲಸವೆಂದು ಬಾಯಿಬಿಟ್ಟ. ಸಿಕ್ಕಿದ್ದು ಆ ಬ್ರಷ್ಷಿನ ಮಾತು. ಸಿಟ್ಟು ನೆತ್ತಿಗೇರಿ ಹೆದರಿಕೆ ಎತ್ತಲೋ ಹೋಯಿತು. ಅತಿಥಿಗಳು ಹೊರಟ ಮೇಲೆ, ಹದಿನೇಳನೇ ತಟ್ಟೆಯವುಗಳ ಜೊತೆಗೇ ಕಡಲಿಂದ ಒಂದೇ ಬಲೆಯಲ್ಲಿ ಬಂದಿದ್ದ ನಾಲ್ಕು ಗೆರೆಚಿಪ್ಪುಗಳನ್ನು ಪ್ರೊಫೆಸರ ಮೇಜಿನ ಮೇಲೇ ಆಸಿಡ್ಡಿಗೆ ಹಾಕಿ, ಒಂದು ಗಂಟೆ ಕೈಕಟ್ಟಿ ನಿಂತ.

“ನೋಡಿ ಸಾರ್. ನಿಮ್ಮ ಮಾವನವರು ಇನ್ನೂ ನಾಲ್ಕು ಜನ ಹುಟ್ಟಿದಾರೆ.”

ಮಸೂರದಲ್ಲಿ ನೋಡಿದ ಪ್ರೊಫೆಸರ ಮುಖ ಸುಣ್ಣ ಬಳಿದಂತಾಯಿತು. “ಹೊರಗೆ ಯಾರಿಗೂ ಹೇಳ್ಬೇಡ. ತಿದ್ದುಪಡಿ ನಾನೇ ಬರೀತೀನಿ. ತೋರಿಸಿದವನು ನೀನು ಅಂತ ಹೆಸರು ಹಾಕ್ತೀನಿ, ಮಾತು ಕೊಟ್ಟೆ. ನಿನ್ನ ಕೆಲಸ ಎಲ್ಲಿಗೂ ಹೋಗಲ್ಲ.”

ಕೆಲಸ ಉಳಿಯಿತು. ತಿದ್ದುಪಡಿ ಅಚ್ಚಾಗಿ ಬಂದಾಗ ಗುಮಾಸ್ತ ಓದಿ ಹೇಳಿದ: ‘ಲೇಖಕರ ತೀಕ್ಷ್ಣ ಮರುಪರಿಶೀಲನೆಯಿಂದ’ ಐದನೇ ಜಾತಿ ರದ್ದು, ಕಾರಣ ‘ತೊಳೆಯುವ ಸಿಬ್ಬಂದಿಯ ಬೇಜವಾಬ್ದಾರಿ’. ತಪ್ಪು ಬ್ರಷ್ಷಪ್ಪನ ಪಾಲಿಗೆ, ತೀಕ್ಷ್ಣತೆ ಪ್ರೊಫೆಸರ ಪಾಲಿಗೆ. ಕೇಳಿದರೆ, “ಮುಂದಿನ ಬರಹದಲ್ಲಿ ಹಾಕ್ತೀನಪ್ಪಾ.” ಆಮೇಲೆ ಮೂರು ಬರಹ ಬಂದವು. ಮೂರರಲ್ಲೂ ಮಾವನಿಗೆ ವಂದನೆಯಿತ್ತು.

ನಿವೃತ್ತಿಯ ದಿನ ಕಾರು ಹತ್ತುವಾಗ ಪ್ರೊಫೆಸರು ಬ್ರಷ್ಷಪ್ಪನ ಭುಜ ತಟ್ಟಿ, “ನಿನ್ನದೊಂದು ನನ್ನ ಮೇಲೆ ಬಾಕಿ ಇದೆ ಕಣಯ್ಯಾ,” ಎಂದರು. ಆಸಾಮಿಗೆ ಅಷ್ಟು ನೆನಪಿತ್ತು. ತೀರಿಸಲಿಲ್ಲ.